ಹನ್ನೊಂದನೆಯವನು

ಹತ್ತು ಹೆಸರು ಹೇಳುವುದು ಯಾರಿಗೂ ಕಷ್ಟವಲ್ಲ. ಇವತ್ತು ರಾತ್ರಿ ಆರ್‌ಸಿಬಿ ಪಂದ್ಯ ಇದೆ ಅಂದರೆ, ಹುಣಸೂರಿನ ಕಲ್ಕುಣಿಕೆ ಸರ್ಕಲ್ಲಿನಲ್ಲಿ ಟೀ ಕುಡಿಯುತ್ತ ನಿಂತ ಯಾರನ್ನು ಬೇಕಾದರೂ ಕೇಳಿ, ವಿರಾಟ್ ಕೊಹ್ಲಿಯಿಂದ ಶುರುಮಾಡಿ ಹತ್ತು ಜನರನ್ನು ಲೋಟ ಬರಿದಾಗುವುದರೊಳಗೆ ಹೇಳಿ ಮುಗಿಸುತ್ತಾರೆ. ಹನ್ನೊಂದನೆಯವನ ಹತ್ತಿರ ಬಂದಾಗ ಮಾತು ನಿಧಾನವಾಗುತ್ತದೆ. 'ಅವ್ನ್ ಬುಡು' ಎಂದು ಒಬ್ಬ, 'ಬುಟ್ರೆ ಕೆಟ್ಟೆ' ಎಂದು ಇನ್ನೊಬ್ಬ. ಹಿಂದಿನ ಮೂರು ಪಂದ್ಯದಲ್ಲಿ ಯಾರು ಏನು ಮಾಡಿದರು, ಪಿಚ್ ಹೇಗಿದೆ, ಇಬ್ಬನಿ ಬೀಳುತ್ತದೋ ಇಲ್ಲವೋ, ಎಲ್ಲವೂ ಆಗ ಹೊರಗೆ ಬರುತ್ತವೆ. ಹತ್ತು ಹೆಸರನ್ನು ಕೀರ್ತಿಯೇ ನಮ್ಮ ಬಾಯಲ್ಲಿ ಹೇಳಿಸುತ್ತದೆ. ಹನ್ನೊಂದನೆಯ ಹೆಸರಿಗೆ ಮಾತ್ರ ನಾವು ಆಟ ನೋಡಿರಬೇಕು.

ಈ ಆರಿಸುವ ಕೆಲಸದಲ್ಲಿ ಒಂದು ಅಪ್ಪಟ ಸಂತೋಷವಿದೆ ಎಂದು ನಾನು ನಂಬಿದ್ದೇನೆ. ಮೈದಾನಕ್ಕೆ ಇಳಿಯದವರಿಗೆ, ಇಳಿಯುವ ವಯಸ್ಸು ದಾಟಿದವರಿಗೆ, ಬ್ಯಾಟು ಹಿಡಿಯುವ ಪುರುಸೊತ್ತೇ ಇಲ್ಲದೆ ಹೊಲ, ಅಂಗಡಿ, ಆಟೋ ಎಂದು ದುಡಿಯುವವರಿಗೆ ಆಟದ ಒಳಗೆ ಹೋಗಲು ಇರುವ ಬಾಗಿಲು ಇದು. ಇದಕ್ಕೆ ಫ್ಯಾಂಟಸಿ ಎಂಬ ಹೆಸರು ಬಂದು, ಕಂಪನಿ ಬಂದು, ಜಾಹೀರಾತು ಬಂದದ್ದೆಲ್ಲ ಈಚೆಗೆ. ರಣಜಿ ಪಂದ್ಯದ ದಿನ ರೇಡಿಯೊ ಸುತ್ತ ಕೂತ ನಮ್ಮ ಹಿರಿಯರೂ ತಮ್ಮದೇ ಹನ್ನೊಂದು ಜನರ ಪಟ್ಟಿ ಇಟ್ಟುಕೊಂಡೇ ಕಾಮೆಂಟರಿ ಕೇಳುತ್ತಿದ್ದರು.

ಕಂಪನಿಗಳು ಬಂದ ಮೇಲೆ ಪಟ್ಟಿಗೆ ಲೆಕ್ಕ ಸೇರಿತು. ಡ್ರೀಮ್11 ಶುರುವಾದದ್ದು 2008ರಲ್ಲಿ, ಐಪಿಎಲ್ ಶುರುವಾದ ವರ್ಷವೇ. ಎರಡೂ ತಂಡಗಳಿಂದ ಒಟ್ಟು 11 ಆಟಗಾರರು, ಎಲ್ಲರ ಬೆಲೆ ಸೇರಿ 100 ಕ್ರೆಡಿಟ್ ದಾಟಬಾರದು, ಬಹಳ ವರ್ಷಗಳ ತನಕ ಒಂದೇ ತಂಡದಿಂದ 7ಕ್ಕಿಂತ ಹೆಚ್ಚು ಜನರನ್ನು ತೆಗೆದುಕೊಳ್ಳುವಂತಿರಲಿಲ್ಲ. ಒಂದು ರನ್‌ಗೆ ಒಂದು ಅಂಕ, ಕ್ಯಾಚಿಗೆ 8. ನಾಯಕನೆಂದು ಆರಿಸಿದವನ ಅಂಕ ಎರಡರಷ್ಟು, ಉಪನಾಯಕನದು ಒಂದೂವರೆಯಷ್ಟು. ಹೆಸರಾಂತ ನಾಲ್ಕು ಜನರನ್ನು ಹಾಕಿಕೊಂಡರೆ ಕ್ರೆಡಿಟ್ ಅರ್ಧ ಖರ್ಚಾಗುವ ಹತ್ತಿರ ಬರುತ್ತದೆ. ಉಳಿದದ್ದರಲ್ಲಿ ಅಗ್ಗದವರನ್ನು ಹುಡುಕಬೇಕು. ಈ ಅಗ್ಗದವರನ್ನು ಹುಡುಕುವಾಗಲೇ ನಮ್ಮ ಕಡೆಯ ಹುಡುಗರು ಕ್ರಿಕೆಟ್ಟನ್ನು ಸೂಕ್ಷ್ಮವಾಗಿ ನೋಡಲು ಕಲಿತದ್ದು. ಹುಣಸೂರಿನ ಮರದ ಮಿಲ್ಲೊಂದರಲ್ಲಿ ಕೆಲಸ ಮಾಡುವ ಒಬ್ಬರು ನನಗೆ ಗೊತ್ತು. ಯಾವ ಬೌಲರು 17ನೇ ಓವರು ಹಾಕುತ್ತಾನೆ, ಯಾವನು 19ನೆಯದು ಹಾಕುತ್ತಾನೆ ಎಂದು ಎಲ್ಲ ತಂಡದ್ದೂ ಅವರ ನಾಲಿಗೆಯ ತುದಿಯಲ್ಲಿತ್ತು. ಕೊನೆಯ ಓವರುಗಳಲ್ಲಿ ಬ್ಯಾಟ್ಸ್‌ಮನ್ನರು ಎತ್ತಿ ಹೊಡೆಯಲು ಹೋಗಿ ಔಟಾಗುತ್ತಾರೆ, ಹಾಗಾಗಿ ರನ್ ಬಿಟ್ಟುಕೊಟ್ಟರೂ ವಿಕೆಟ್ ಆ ಬೌಲರಿಗೇ ಬೀಳುತ್ತದೆ ಎನ್ನುವುದು ಅವರು ನೋಡಿ ನೋಡಿ ಕಂಡುಕೊಂಡ ಲೆಕ್ಕ. ಯಾವ ಪುಸ್ತಕದಿಂದಲೂ ಕಲಿತದ್ದಲ್ಲ.

2023ರ ಐಪಿಎಲ್‌ನಲ್ಲಿ ಇಂಪ್ಯಾಕ್ಟ್ ಪ್ಲೇಯರ್ ನಿಯಮ ಬಂದಾಗ ಇವರ ಕೆಲಸ ಇನ್ನೂ ಬಿಗಿಯಾಯಿತು. ರಾತ್ರಿ 7ಕ್ಕೆ ಟಾಸ್, 7.30ಕ್ಕೆ ಆಟ. ಮಧ್ಯದ ಅರ್ಧ ಗಂಟೆಯಲ್ಲೇ ಎಲ್ಲ ತೀರ್ಮಾನ. ಮೊದಲು ಬ್ಯಾಟಿಂಗ್ ಮಾಡುವ ತಂಡ ಒಬ್ಬ ಬೌಲರನ್ನು ಹೊರಗಿಟ್ಟು, ಆಮೇಲೆ ಒಬ್ಬ ಬ್ಯಾಟ್ಸ್‌ಮನ್ನನ್ನು ಹೊರಗೆ ಕಳಿಸಿ ಆ ಬೌಲರನ್ನು ಒಳಗೆ ಕರೆದುಕೊಳ್ಳುತ್ತದೆ. ಹಾಗಾಗಿ ಟಾಸ್ ಹೊತ್ತಿಗೆ ಹನ್ನೊಂದರಲ್ಲಿ ಹೆಸರಿಲ್ಲದವನೂ ಆಡಬಹುದು. ಬದಲಿ ಆಟಗಾರರ ಐದು ಹೆಸರನ್ನು ನೋಡಿ, ಅದರಲ್ಲಿ ಯಾರು ಇಳಿಯುತ್ತಾನೆಂದು ಊಹಿಸಬೇಕು. ಆ ಅರ್ಧ ಗಂಟೆ ಟೀ ಅಂಗಡಿಯ ಮುಂದೆ ಒಂದು ಪಂಚಾಯ್ತಿಯೇ ನಡೆಯುತ್ತಿತ್ತು. ಅಲ್ಲಿ ಕೇಳಿದಂಥ ಗುಣಮಟ್ಟದ ವಾದಗಳನ್ನು ನಾನು ಟಿವಿ ಚರ್ಚೆಗಳಲ್ಲಿ ಕೇಳಿದ್ದು ಕಡಿಮೆ.

ಆದರೆ ಅದರೊಳಗೆ ದುಡ್ಡು ಹೊಕ್ಕಿತ್ತು. ದೊಡ್ಡ ಸ್ಪರ್ಧೆಗೆ 49 ರೂಪಾಯಿ, ಗೆದ್ದರೆ ಕೋಟಿ. ಒಬ್ಬ ಒಂದೇ ತಂಡ ಕಟ್ಟಬೇಕೆಂದೂ ಇರಲಿಲ್ಲ. ಅದೇ ಸ್ಪರ್ಧೆಗೆ 20 ತಂಡ ಕಟ್ಟಿ ಇಪ್ಪತ್ತಕ್ಕೂ ದುಡ್ಡು ಕಟ್ಟಬಹುದಿತ್ತು. ನನ್ನ ಪ್ರಕಾರ ಆಟ ಕೆಟ್ಟದ್ದು ಇಲ್ಲಿ. ಹನ್ನೊಂದನೆಯವನು ಇವನೋ ಅವನೋ ಎಂಬ ಅನುಮಾನ ಬಂದರೆ ಯೋಚಿಸುವ ಅಗತ್ಯವೇ ಉಳಿಯಲಿಲ್ಲ. ಒಂದು ತಂಡಕ್ಕೆ ಇವನನ್ನು ಹಾಕು, ಇನ್ನೊಂದಕ್ಕೆ ಅವನನ್ನು ಹಾಕು. ಯಾರನ್ನೂ ಬಿಡದೆ ಎಲ್ಲರನ್ನೂ ಹಾಕಿದ ಮೇಲೆ ಅದು ಆಯ್ಕೆ ಹೇಗಾಗುತ್ತದೆ? ಆಮೇಲೆ ಯೂಟ್ಯೂಬಿನಲ್ಲಿ, ಟೆಲಿಗ್ರಾಂ ಗುಂಪುಗಳಲ್ಲಿ ಸಿದ್ಧ ತಂಡಗಳು ಸಿಗತೊಡಗಿದವು. 7.10ಕ್ಕೆ ಎಲ್ಲರೂ ಫೋನು ನೋಡಿಕೊಂಡು ಅದೇ ಹನ್ನೊಂದು ಹೆಸರು ಒತ್ತುವವರಾದರು. ಟೀ ಅಂಗಡಿಯ ಮುಂದಿನ ವಾದ ನಿಂತುಹೋಯಿತು. ಪಿರಿಯಾಪಟ್ಟಣದ ಕಡೆಯ ಒಬ್ಬ ಹುಡುಗ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಸೌದೆಗೆಂದು ಮನೆಯಲ್ಲಿ ಎತ್ತಿಟ್ಟಿದ್ದ ದುಡ್ಡನ್ನು ಒಂದು ಆ್ಯಪಿನಲ್ಲಿ ಕಳೆದ. ಸೊಪ್ಪು ಕಿತ್ತು ರಾಶಿ ಹಾಕಿದ ಮೇಲೆ ಸೌದೆ ಇಲ್ಲವೆಂದರೆ ಆ ಮನೆಯ ಪರಿಸ್ಥಿತಿ ಏನಾಗಿರಬಹುದೆಂದು ಹೊಗೆಸೊಪ್ಪು ಬೆಳೆಯುವವರಿಗೆ ವಿವರಿಸಿ ಹೇಳಬೇಕಿಲ್ಲ.

ಇದು ಜಾಣ್ಮೆಯ ಆಟವೋ ಅದೃಷ್ಟದ ಆಟವೋ ಎಂಬ ವ್ಯಾಜ್ಯ ಹಳೆಯದು. ಅದರ ಒಂದು ಬೇರು ನಮ್ಮ ರಾಜ್ಯದಲ್ಲೇ ಇದೆ. ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಎಂಬವರು ನಡೆಸುತ್ತಿದ್ದ ಬಹುಮಾನದ ಪದಬಂಧ 'ಸ್ಪೋರ್ಟಿಂಗ್ ಸ್ಟಾರ್' ಎಂಬ ವಾರಪತ್ರಿಕೆಯಲ್ಲಿ ಬರುತ್ತಿತ್ತು. ಪತ್ರಿಕೆ ಅಚ್ಚಾಗುತ್ತಿದ್ದದ್ದು ಆಗಿನ ಮೈಸೂರು ರಾಜ್ಯದ ಬೆಂಗಳೂರಿನಲ್ಲಿ, ಬಹಳ ಓದುಗರಿದ್ದದ್ದು ಮುಂಬಯಿ ರಾಜ್ಯದಲ್ಲಿ. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1957ರಲ್ಲಿ ಕೊಟ್ಟ ತೀರ್ಪಿನಿಂದಲೇ ಜಾಣ್ಮೆ ಬೇರೆ, ಜೂಜು ಬೇರೆ ಎಂಬ ಗೆರೆ ಗಟ್ಟಿಯಾದದ್ದು. 2017ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು ಡ್ರೀಮ್11 ಆಟ ಜಾಣ್ಮೆಯದೇ ಎಂದಿತು. 2021ರ ಅಕ್ಟೋಬರಿನಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ ಕಂಪನಿ ಇಲ್ಲಿ ಬಾಗಿಲು ಹಾಕಿತು. 2022ರ ಫೆಬ್ರುವರಿ 14ರಂದು ನಮ್ಮ ಹೈಕೋರ್ಟು ಆ ತಿದ್ದುಪಡಿಯನ್ನು ರದ್ದುಮಾಡಿತು, ಬಾಗಿಲು ಮತ್ತೆ ತೆರೆಯಿತು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತೇ ಕಾನೂನು ಮಾಡಿತು. ಜಾಣ್ಮೆಯದಾದರೂ ಸರಿ, ಅದೃಷ್ಟದ್ದಾದರೂ ಸರಿ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ನಡೆಸುವಂತಿಲ್ಲ. ನಡೆಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಆಡಿದವರಿಗೆ ಶಿಕ್ಷೆಯಿಲ್ಲ. ಭಾರತ ತಂಡದ ಅಂಗಿಯ ಮೇಲಿದ್ದ ಡ್ರೀಮ್11 ಹೆಸರು ಅದೇ ತಿಂಗಳು ಹೋಯಿತು.

ತಂಡ ಆರಿಸುವುದು ಜಾಣ್ಮೆಯೇ ಎಂದು ನಾನು ಒಪ್ಪುತ್ತೇನೆ. ಮರದ ಮಿಲ್ಲಿನ ಆ ಮನುಷ್ಯನ ಲೆಕ್ಕವನ್ನು ಕಂಡಮೇಲೆ ಒಪ್ಪದೆ ಇರಲಾರೆ. ಹಾಗಿದ್ದೂ ಕಾನೂನು ಬಂದದ್ದು ಒಳ್ಳೆಯದಾಯಿತು ಎನ್ನುತ್ತೇನೆ. ಆ ಜಾಣ್ಮೆಯನ್ನು ಕೊಂದದ್ದೇ ದುಡ್ಡು.

ಕಾನೂನು ಬಂದ ಹೊತ್ತಿಗೆ ನನ್ನ ಅಕ್ಕನ ಮಗ ಫುಟ್‌ಬಾಲಿನ ಕಡೆ ಹೋಗಿ ಬಹಳ ದಿನವಾಗಿತ್ತು. ಪಿರಿಯಾಪಟ್ಟಣ ತಾಲ್ಲೂಕಿನವರಿಗೆ ಫುಟ್‌ಬಾಲ್ ಪರದೇಶದ ಆಟವಲ್ಲ. ಬೈಲಕುಪ್ಪೆಯ ಟಿಬೆಟನ್ ಕ್ಯಾಂಪುಗಳಲ್ಲಿ ಸಂಜೆಯಾದರೆ ಚೆಂಡು ಉರುಳುತ್ತದೆ. ದಲೈ ಲಾಮಾ ಅವರ ತಾಯಿಯ ನೆನಪಿನಲ್ಲಿ ಟಿಬೆಟನ್ ನೆಲೆಗಳ ನಡುವೆ ನಡೆಯುವ ಗ್ಯಾಲ್ಯುಮ್ ಚೆನ್ಮೊ ಚಿನ್ನದ ಕಪ್ಪಿನ ಮಾತು ಅಲ್ಲಿನ ಹುಡುಗರ ಬಾಯಲ್ಲಿ ವರ್ಷಪೂರ್ತಿ ಇರುತ್ತದೆ. ಇವನು ಅವರ ಜೊತೆ ಆಡಿ ಬೆಳೆದವನು. ಈಗ ಓದು ಮುಗಿಸಿ ಮನೆಯ ಬೇಸಾಯ ನೋಡಿಕೊಂಡಿದ್ದಾನೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ನಡೆಸುವ ಫ್ಯಾಂಟಸಿ ಆಟದಲ್ಲಿ ಅವನದೊಂದು ತಂಡವಿದೆ. ಆ ಆಟಕ್ಕೆ ಪ್ರವೇಶಧನವೇ ಇಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹುಡುಗರು ಸೇರಿ ಅದರೊಳಗೆ ತಮ್ಮದೇ ಒಂದು ಸಣ್ಣ ಲೀಗ್ ಮಾಡಿಕೊಂಡಿದ್ದಾರೆ. ಗೆದ್ದವನಿಗೆ ವರ್ಷದ ಕೊನೆಗೆ ಉಳಿದವರೆಲ್ಲ ಸೇರಿ ಊಟ ಹಾಕಿಸುತ್ತಾರೆ.

ಫ್ಯಾಂಟಸಿ ಫುಟ್‌ಬಾಲ್ ಹುಟ್ಟಿದ್ದು ಅಮೆರಿಕದವರು ಕೈಯಲ್ಲಿ ಹಿಡಿದು ಓಡುವ ಫುಟ್‌ಬಾಲಿನಿಂದ. 1962ರಲ್ಲಿ ಓಕ್ಲೆಂಡ್ ರೈಡರ್ಸ್ ತಂಡದ ಪಾಲುದಾರರಲ್ಲೊಬ್ಬರಾದ ಬಿಲ್ ವಿಂಕನ್‌ಬಾಕ್ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಕೂತು ಗೆಳೆಯರ ಜೊತೆ ಅದರ ನಿಯಮ ಬರೆದರು. ಈ ವಾರ ಯಾರನ್ನು ಆಡಿಸುವುದು, ಯಾರನ್ನು ಕೂರಿಸುವುದು ಎನ್ನುವ ಪ್ರಶ್ನೆ ಅಲ್ಲಿಂದ ಇಲ್ಲಿಯ ತನಕ ಬದಲಾಗಿಲ್ಲ. ಇಂಗ್ಲೆಂಡಿನ ಆಟದಲ್ಲಿ 10 ಕೋಟಿ ಪೌಂಡಿನ ಲೆಕ್ಕದ ದುಡ್ಡು ಕೊಡುತ್ತಾರೆ. ಅದರಲ್ಲಿ 15 ಜನರನ್ನು ಕೊಳ್ಳಬೇಕು, ಒಂದು ಕ್ಲಬ್ಬಿನಿಂದ ಮೂವರಿಗಿಂತ ಹೆಚ್ಚು ಬೇಡ. ಹದಿನೈದರಲ್ಲಿ ಪ್ರತಿ ವಾರ 11 ಜನ ಆಡುತ್ತಾರೆ, ನಾಲ್ವರು ಬೆಂಚಿನ ಮೇಲೆ. ಬೆಂಚಿನವನು ಮೂರು ಗೋಲು ಹೊಡೆದರೂ, ಆಡಿಸಿದ ಹನ್ನೊಂದೂ ಜನ ಕಣಕ್ಕಿಳಿದಿದ್ದರೆ, ಆ ಅಂಕ ಸಿಗುವುದಿಲ್ಲ. ಹೊಸಬನನ್ನು ತರಬೇಕಾದರೆ ವಾರಕ್ಕೆ ಒಂದೇ ಬದಲಾವಣೆ ಪುಕ್ಕಟೆ, ಮೇಲಿನ ಒಂದೊಂದಕ್ಕೂ ನಾಲ್ಕು ಅಂಕ ಕಳೆಯುತ್ತಾರೆ. ಇಪ್ಪತ್ತು ತಂಡ ಕಟ್ಟಿ ತಪ್ಪಿಸಿಕೊಳ್ಳುವ ದಾರಿ ಇಲ್ಲಿಲ್ಲ. ಒಬ್ಬನಿಗೆ ಒಂದೇ ತಂಡ, 38 ವಾರ ಅದರ ಜೊತೆಗೇ ಬಾಳಬೇಕು.

ಗಡುವು ವಾರದ ಮೊದಲ ಪಂದ್ಯಕ್ಕೆ ಒಂದೂವರೆ ಗಂಟೆ ಮೊದಲು. ಇಂಗ್ಲೆಂಡಿನ ಶನಿವಾರ ಮಧ್ಯಾಹ್ನದ ಪಂದ್ಯ ನಮಗೆ ಆಗಸ್ಟ್, ಸೆಪ್ಟೆಂಬರಿನಲ್ಲಿ ಸಂಜೆ 5ಕ್ಕೆ, ಅಂದರೆ ಗಡುವು 3.30ಕ್ಕೆ. ಶುಕ್ರವಾರ ರಾತ್ರಿಯ ಪಂದ್ಯವಿದ್ದರೆ ಇಲ್ಲಿ ರಾತ್ರಿ 11ಕ್ಕೇ ಗಡುವು ಮುಗಿಯಿತು. ಎಚ್.ಡಿ. ಕೋಟೆಯ ಕಾಡಂಚಿನ ಊರಿನಲ್ಲಿರುವ ಇವರ ಗೆಳೆಯನಿಗೆ ನೆಟ್‌ವರ್ಕ್ ಸಿಗುವುದು ಪೇಟೆಗೆ ಬಂದಾಗ ಮಾತ್ರ. ಅವನು ಬೆಳಿಗ್ಗೆಯೇ ತಂಡ ಗಟ್ಟಿಮಾಡಿ ಊರಿಗೆ ಹೋಗುತ್ತಾನೆ. ಆಮೇಲೆ ಯಾರಿಗೆ ಗಾಯವಾದ ಸುದ್ದಿ ಬಂದರೂ ಬದಲಾಯಿಸುವಂತಿಲ್ಲ. ಲೀಗಿನಲ್ಲಿ ಅವನೇನೂ ಹಿಂದೆ ಬಿದ್ದಿಲ್ಲ. ಕೊನೆಯ ಗಳಿಗೆಯ ಸುದ್ದಿ ಕೈಗೆ ಸಿಗದವನು ಎಂಟು ಹತ್ತು ವಾರದ ಆಟವನ್ನೇ ನಂಬಬೇಕಾಗುತ್ತದೆ, ಅದು ಅವನಿಗೆ ಅನುಕೂಲವೇ ಆಗಿದೆ.

ಆಗಸ್ಟ್, ಸೆಪ್ಟೆಂಬರ್ ಅಂದರೆ ನಮ್ಮಲ್ಲಿ ಬ್ಯಾರನ್ನಿಗೆ ಬಿಡುವಿಲ್ಲದ ಕಾಲ. ಹೊಗೆಸೊಪ್ಪನ್ನು ಬುಡದಿಂದ ಎರಡೆರಡು ಎಲೆಯಂತೆ ಕಿತ್ತು, ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ನಿನೊಳಗೆ ಮೇಲಿನಿಂದ ಕೆಳಗಿನ ತನಕ ತುಂಬಿ, ಬೆಂಕಿ ಹಾಕಿದರೆ ಹೆಚ್ಚುಕಡಿಮೆ ಐದಾರು ದಿನ ಹಗಲು ರಾತ್ರಿ ಕಾಯಬೇಕು. ಎಲೆ ಮೊದಲು ಹಳದಿಯಾಗಬೇಕು, ಆಮೇಲೆ ಒಣಗಬೇಕು, ಕೊನೆಗೆ ನಡುವಿನ ದಂಟು ಒಣಗಬೇಕು. ಒಂದೊಂದು ಹಂತಕ್ಕೂ ಒಂದೊಂದು ಶಾಖ. ರಾತ್ರಿ ಎರಡು ಗಂಟೆಗೆ ಸೌದೆ ಹಾಕಲು ಯಾರಾದರೂ ಎದ್ದಿರಲೇಬೇಕು. ಪಿರಿಯಾಪಟ್ಟಣದ ಬ್ಯಾರನ್ನುಗಳ ಮುಂದೆ ಇಂಗ್ಲೆಂಡಿನ ಫುಟ್‌ಬಾಲಿಗೆ ನೋಡುಗರು ಹುಟ್ಟಿಕೊಂಡದ್ದು ಹೀಗೆ. ರಾತ್ರಿ 10ರ ಪಂದ್ಯ, ಹನ್ನೆರಡೂವರೆಯ ಪಂದ್ಯ, ಎಲ್ಲವೂ ಇವರು ಹೇಗೂ ಎಚ್ಚರವಿರುವ ಹೊತ್ತಿಗೇ ಬರುತ್ತವೆ.

ಒಂದು ಶನಿವಾರ ನಾನು ಅಕ್ಕನ ಮನೆಗೆ ಹೋದಾಗ ಬ್ಯಾರನ್ ತುಂಬುವ ಕೆಲಸ ನಡೆದಿತ್ತು. ಜಗಲಿಯಲ್ಲಿ ಹೆಂಗಸರು ಸೊಪ್ಪು ಕಟ್ಟುತ್ತಿದ್ದರು. ಇವನು ಒಳಗೆ ಅಡ್ಡಮರದ ಮೇಲೆ ಕಾಲು ಚಾಚಿ ನಿಂತು ಕಡ್ಡಿ ಏರಿಸುತ್ತಿದ್ದವನು ದಡದಡನೆ ಇಳಿದು ಬಂದ. ಹಸಿ ಹೊಗೆಸೊಪ್ಪಿನ ಅಂಟು ಅಂಗೈಗೆ ಹತ್ತಿ ಡಾಂಬರಿನ ಹಾಗೆ ಕಪ್ಪಾಗಿತ್ತು. ಸೋಪಿಗೂ ಸುಲಭವಾಗಿ ಹೋಗುವ ಅಂಟಲ್ಲ ಅದು. ಅಂಥ ಬೆರಳನ್ನು ಇಟ್ಟರೆ ಫೋನಿಗೆ ತಿಳಿಯುವುದೇ ಇಲ್ಲ. ಗಂಟೆ ಮೂರು ಕಾಲು.

'ಮಾವ, ವಸಿ ಫೋನ್ ಒತ್ತು. ಟೈಮ್ ಆಯ್ತದೆ.'

ಹತ್ತು ಜನ ಆಗಲೇ ಕೂತಿದ್ದರು. ಹನ್ನೊಂದನೆಯ ಜಾಗಕ್ಕೆ ಇಬ್ಬರು. ಒಬ್ಬ ಗೋಲು ಹೊಡೆಯುವವನು, ದುಬಾರಿಯವನು, ಗಾಯದಿಂದ ಎದ್ದು ಬರುತ್ತಿರುವವನು. ಅವನ ಹೆಸರಿನ ಪಕ್ಕ ಹಳದಿ ಗುರುತು, ಆಡುವ ಸಾಧ್ಯತೆ 75 ಪಾಲು ಎಂದು. ಇನ್ನೊಬ್ಬ ಎವರ್ಟನ್ ತಂಡದ ಡಿಫೆಂಡರ್ ಜೇಮ್ಸ್ ಟಾರ್ಕೋವ್‌ಸ್ಕಿ. ನನಗೆ ಆ ಹೆಸರು ಹೊಸದು. ಗೋಲು ಹೊಡೆಯುವವನನ್ನು ಬಿಡುತ್ತಾರೇನೋ ಎಂದೆ.

'ಗೋಲ್ ಹೊಡಿಯೋನ್ನ ಎಲ್ರೂ ನೋಡ್ತರೆ ಮಾವ. ಇವ್ನು ತೊಂಬತ್ತು ನಿಮಿಷವೂ ತಲೇಲಿ ಹೊಡ್ದು, ಅಡ್ಡ ಬಿದ್ದು ಬಾಲ್ನ ಆಚಿಗ್ ಕಳಿಸ್ತನೆ. ಈ ವರ್ಸದಿಂದ ಅದ್ಕೂ ಪಾಯಿಂಟ್ ಕೊಡ್ತಾವ್ರೆ. ಇವ್ನೇ ಇರ್ಲಿ.'

ಅವನು ಹೇಳಿದ್ದು ನಿಜ. ಗೋಲಿಗೆ, ಗೋಲಿಗೆ ದಾರಿ ಮಾಡಿಕೊಟ್ಟ ಪಾಸಿಗೆ, ಗೋಲು ಬಿಡದೆ ಕಾದ ಪಂದ್ಯಕ್ಕೆ ಮೊದಲಿನಿಂದಲೂ ಅಂಕವಿತ್ತು. 2024-25ರಲ್ಲಿ ಲಿವರ್‌ಪೂಲಿನ ಮೊಹಮ್ಮದ್ ಸಲಾ ಹೀಗೆ 344 ಅಂಕ ತಂದದ್ದು ಆ ಆಟದ ದಾಖಲೆ. 2025-26ರ ಸಾಲಿನಿಂದ ಹೊಸದೊಂದು ಸೇರಿತು. ಡಿಫೆಂಡರ್ ಒಬ್ಬ ಒಂದು ಪಂದ್ಯದಲ್ಲಿ ಚೆಂಡನ್ನು ದೂರ ಕಳಿಸಿದ್ದು, ತಡೆದದ್ದು, ನಡುವೆ ಹಿಡಿದದ್ದು, ಎದುರಾಳಿಯ ಕಾಲಿನಿಂದ ಕಸಿದದ್ದು ಎಲ್ಲ ಸೇರಿ ಹತ್ತಾದರೆ ಅವನಿಗೆ 2 ಅಂಕ. ಮೈದಾನದಲ್ಲಿ ದಿನವೂ ನಡೆಯುವ, ಸುದ್ದಿಯಲ್ಲಿ ಎಂದೂ ಬರದ ಕೆಲಸವನ್ನು ಎಣಿಸಲು ಶುರುಮಾಡಿದ ಈ ನಿಯಮ ನನಗೆ ಬಹಳ ಹಿಡಿಸಿತು. ಎಣಿಸಲು ಶುರುವಾದ ಮೇಲೆ ನಮ್ಮ ಹುಡುಗರು ಆ ಕೆಲಸವನ್ನು ನೋಡಲೂ ಶುರುಮಾಡಿದ್ದಾರೆ. ನಾನು ಟಾರ್ಕೋವ್‌ಸ್ಕಿಯನ್ನು ಒಳಗೆ ಹಾಕಿ, ಗೋಲು ಹೊಡೆಯುವವನನ್ನು ಬೆಂಚಿಗೆ ಸರಿಸಿ, ಉಳಿಸುವ ಗುಂಡಿ ಒತ್ತಿದೆ. ಅಕ್ಕನ ಮಗ ಮತ್ತೆ ಅಡ್ಡಮರ ಹತ್ತಿದ.

ಸೊಪ್ಪು ಕಟ್ಟುತ್ತಿದ್ದ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಫುಟ್‌ಬಾಲಿನ ಗಂಧ ಗಾಳಿ ಅವಳಿಗಿಲ್ಲ. 'ಬುಟ್ರಲ್ಲ, ಅವ್ನ್ಗೆ ಯೋಳುದ್ರಾ?' ಎಂದು ಕೇಳಿದಳು. ಅವನು ಇಂಗ್ಲೆಂಡಿನವನು ಅಕ್ಕ, ನಾವು ಬಿಟ್ಟದ್ದು ಅವನಿಗೆ ಗೊತ್ತಾಗುವುದಿಲ್ಲ ಎಂದೆ. 'ಹಂಗಾರೆ ಸಂಕಟ ಇಲ್ಲ ಬುಡು' ಎಂದು ಇನ್ನೊಂದು ಕಡ್ಡಿ ಎತ್ತಿಕೊಂಡಳು.

ಫ್ಯಾಂಟಸಿ ತಂಡಕ್ಕೂ ನಿಜವಾದ ತಂಡಕ್ಕೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಸರಿಯಾಗಿ ಯಾರೂ ನನಗೆ ಹೇಳಿರಲಿಲ್ಲ. ಫೋನಿನಲ್ಲಿ ಬಿಟ್ಟವನಿಗೆ ನೋವಿಲ್ಲ. ಮೈದಾನದಲ್ಲಿ ಬಿಟ್ಟವನಿಗೆ ಇದೆ, ಮತ್ತು ಅವನು ಬಹಳ ಕಾಲ ಅದನ್ನು ಹೊತ್ತು ತಿರುಗುತ್ತಾನೆ.

ಕರುಣ್ ನಾಯರ್ ಅವರನ್ನು ನೋಡಿ. 2016ರ ಡಿಸೆಂಬರ್ 19ರಂದು ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303. ಅವರಿಗದು ಮೂರನೆಯ ಟೆಸ್ಟ್. ವೀರೇಂದ್ರ ಸೆಹ್ವಾಗ್ ಬಿಟ್ಟರೆ ಟೆಸ್ಟಿನಲ್ಲಿ ಮುನ್ನೂರು ಹೊಡೆದ ಭಾರತೀಯ ಇನ್ನೊಬ್ಬರಿರಲಿಲ್ಲ. ಕರ್ನಾಟಕದ ಹುಡುಗ ಎಂದು ನಾವೆಲ್ಲ ಎದೆಯುಬ್ಬಿಸಿಕೊಂಡೆವು. ಮುಂದಿನ ಟೆಸ್ಟ್ 2017ರ ಫೆಬ್ರುವರಿಯಲ್ಲಿ ಹೈದರಾಬಾದಿನಲ್ಲಿ, ಬಾಂಗ್ಲಾದೇಶದ ವಿರುದ್ಧ. ಹನ್ನೊಂದರಲ್ಲಿ ಕರುಣ್ ಇಲ್ಲ. ಗಾಯದಿಂದ ಹೊರಗಿದ್ದ ಅಜಿಂಕ್ಯ ರಹಾನೆ ವಾಪಸಾಗಿದ್ದರು. ಅವರ ಎರಡು ವರ್ಷದ ದುಡಿಮೆಯನ್ನು ಇನ್ನೊಬ್ಬರ ಒಂದು ಪಂದ್ಯ ಮರೆಸಬಾರದು ಎಂಬುದು ನಾಯಕ ಕೊಹ್ಲಿ ಕೊಟ್ಟ ಕಾರಣ. ಅನ್ಯಾಯದ ಮಾತಲ್ಲ ಅದು, ರಹಾನೆ ಆ ಪಂದ್ಯದಲ್ಲಿ 82 ಹೊಡೆದರು ಕೂಡ. ಆದರೆ ಭಾರತ ಅಲ್ಲಿ ಐದು ಬೌಲರುಗಳನ್ನು ಆಡಿಸಿತ್ತು. ನಾಲ್ವರು ಸಾಕಿತ್ತು, ಇಬ್ಬರೂ ಆಡಬಹುದಿತ್ತು ಎಂದು ಅವತ್ತು ವಾದಿಸಿದವನು ನಾನು, ಇವತ್ತೂ ಅದೇ ಅಭಿಪ್ರಾಯ.

ಆಸ್ಟ್ರೇಲಿಯಾ ವಿರುದ್ಧ ಮೂರು ಟೆಸ್ಟ್ ಆಡಿ ಕರುಣ್ ಮತ್ತೆ ಹೊರಗೆ. 2018ರ ಇಂಗ್ಲೆಂಡ್ ಪ್ರವಾಸಕ್ಕೆ ಕರೆದೊಯ್ದರು, ಬೆಂಚಿನ ಮೇಲೆ ಕೂರಿಸಿದರು. ಓವಲ್‌ನ ಕೊನೆಯ ಟೆಸ್ಟಿಗೆ ಪ್ರವಾಸದ ನಡುವೆ ಸೇರಿಸಿಕೊಂಡ ಹನುಮ ವಿಹಾರಿಯನ್ನು ಇಳಿಸಿದರು. ತನ್ನೊಂದಿಗೆ ಯಾರೂ ಮಾತನಾಡಲಿಲ್ಲ ಎಂದು ಕರುಣ್ ಆಗ ಹೇಳಿದರು, ಮಾತನಾಡಿದ್ದೆವು ಎಂದು ಆಯ್ಕೆ ಸಮಿತಿಯ ಅಧ್ಯಕ್ಷರಾಗಿದ್ದ ಎಂ.ಎಸ್.ಕೆ. ಪ್ರಸಾದ್ ಹೇಳಿದರು. ನಿಜ ಯಾರ ಕಡೆಯದೇ ಇರಲಿ, ಆರಿಸಿದವರ ಮಾತು ಹೊರಗುಳಿದವರ ಕಿವಿಗೆ ಮುಟ್ಟಿರಲಿಲ್ಲ. ನಂತರ ಕರ್ನಾಟಕ ತಂಡದಲ್ಲೂ ಜಾಗ ಹೋಗಿ ಅವರು ವಿದರ್ಭಕ್ಕೆ ಆಡಿದರು. 2024ರ ಮಹಾರಾಜ ಟ್ರೋಫಿಯಲ್ಲಿ ಮೈಸೂರು ವಾರಿಯರ್ಸ್ ಗೆದ್ದಾಗ ನಾಯಕ ಅವರೇ. ಅದರ ಮುಂದಿನ ವಿಜಯ್ ಹಜಾರೆ ಟ್ರೋಫಿಯಲ್ಲಿ 779 ರನ್, ಐದು ಶತಕ. 2025ರ ಜೂನಿನಲ್ಲಿ, ಎಂಟು ವರ್ಷದ ಮೇಲೆ, ಲೀಡ್ಸಿನಲ್ಲಿ ಮತ್ತೆ ಭಾರತದ ಹನ್ನೊಂದರೊಳಗೆ ಬಂದರು. ಆ ದಿನ ಅವರನ್ನು ಸಂಖ್ಯೆಯಾಗಿ ನೋಡಲು ನನ್ನಿಂದ ಆಗಲಿಲ್ಲ. ಯಾರ ಫ್ಯಾಂಟಸಿ ತಂಡದಲ್ಲಿ ಅವರಿದ್ದರೋ ಇಲ್ಲವೋ, ನಾನಂತೂ ಟಿವಿ ಮುಂದಿಂದ ಏಳಲಿಲ್ಲ.

ನಮ್ಮ ತಾಲ್ಲೂಕುಗಳ ಟೆನಿಸ್ ಬಾಲ್ ಟೂರ್ನಮೆಂಟುಗಳಲ್ಲಿ ಈ ಸಂಕಟ ಇನ್ನೂ ಹತ್ತಿರದ್ದು. ಬಿಟ್ಟವನು ಚಿಕ್ಕಪ್ಪನ ಮಗ, ಪಕ್ಕದ ಹೊಲದವನು, ಇಲ್ಲವೇ ಮೈದಾನಕ್ಕೆ ಟ್ರ್ಯಾಕ್ಟರ್ ಕೊಟ್ಟವರ ಮನೆಯವನು. ಕೆ.ಆರ್. ನಗರದ ಕಡೆ ಭತ್ತ ಕೊಯ್ದ ಮೇಲೆ ಗದ್ದೆ ಒಣಗಿ ಗಟ್ಟಿಯಾಗುತ್ತಿದ್ದಂತೆ ಅಲ್ಲೇ ಪಿಚ್ ಬೀಳುತ್ತದೆ, ಶಾಮಿಯಾನ ಏಳುತ್ತದೆ. ಅಲ್ಲಿ ಒಂದು ಊರಿನ ತಂಡವನ್ನು ಬಹಳ ಕಾಲದಿಂದ ನಡೆಸಿಕೊಂಡು ಬಂದ ಗೆಳೆಯರೊಬ್ಬರಿದ್ದಾರೆ. ವೃತ್ತಿಯಲ್ಲಿ ಅಕ್ಕಿ ಗಿರಣಿಯವರು. ಅವರು ತಂಡ ಆರಿಸುವ ಕ್ರಮವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹತ್ತು ಹೆಸರನ್ನು ನೋಟ್‌ಬುಕ್ಕಿನಲ್ಲಿ ವಾರ ಮೊದಲೇ ಬರೆದಿಡುತ್ತಾರೆ. ಹನ್ನೊಂದನೆಯ ಗೆರೆ ಖಾಲಿ. ಆ ವಾರವೆಲ್ಲ ಸಂಜೆ ಪ್ರಾಕ್ಟೀಸಿನ ಹತ್ತಿರ ಬಂದು ಬದುವಿನ ಮೇಲೆ ಕೂರುತ್ತಾರೆ. ಬ್ಯಾಟಿಂಗು ನೋಡುವುದಿಲ್ಲ, ಅದು ಅವರಿಗೆ ಗೊತ್ತಿರುವುದೇ. ಬೌಂಡರಿಗೆ ಹೋದ ಚೆಂಡಿನ ಹಿಂದೆ ಯಾರು ಕೊನೆತನಕ ಓಡುತ್ತಾನೆ, ಇನ್ನೊಬ್ಬನ ಎಸೆತ ತಪ್ಪಿದಾಗ ಹಿಂದೆ ಬಂದು ಯಾರು ನಿಂತಿರುತ್ತಾನೆ, ಔಟಾದ ಮೇಲೆ ಯಾರು ಮನೆಗೆ ಹೋಗದೆ ಅಂಪೈರಿಂಗ್ ಮಾಡುತ್ತಾನೆ, ಇಷ್ಟು ನೋಡುತ್ತಾರೆ. ಎವರ್ಟನ್‌ನ ಡಿಫೆಂಡರಿಗೆ ಇಂಗ್ಲೆಂಡಿನವರು ಈಗ ಕೊಡಲು ಶುರುಮಾಡಿದ 2 ಅಂಕವನ್ನು ಇವರು ಹಿಂದಿನಿಂದಲೂ ಕೊಡುತ್ತಿದ್ದಾರೆ.

ಒಂದು ಸಲ ಕೊನೆಯ ಜಾಗಕ್ಕೆ ಇಬ್ಬರು ಬಂದರು. ಒಬ್ಬ ಪ್ರವೇಶಧನ ಕಟ್ಟಿದವರ ಮಗ. ಬ್ಯಾಟು, ಪ್ಯಾಡು ಎಲ್ಲ ಅವನದೇ, ಆಟವೂ ಚೆನ್ನಾಗಿಯೇ ಇತ್ತು. ಇನ್ನೊಬ್ಬ ಕೊಯ್ಲಿನ ಕೆಲಸಕ್ಕೆಂದು ಎಚ್.ಡಿ. ಕೋಟೆಯ ಹಾಡಿಯಿಂದ ಬಂದು ಊರಲ್ಲಿ ಉಳಿದಿದ್ದ ಹುಡುಗ, ಬರಿಗಾಲಲ್ಲಿ ಬೌಂಡರಿ ಕಾಯುತ್ತಿದ್ದವನು. ಗೆಳೆಯರು ಹಾಡಿಯ ಹುಡುಗನ ಹೆಸರು ಬರೆದರು. ಬರೆದ ರಾತ್ರಿಯೇ ಇನ್ನೊಬ್ಬನ ಮನೆಗೆ ಹೊರಟರು, ನಾನೂ ಜೊತೆಗಿದ್ದೆ. ಅವನಪ್ಪ ಕಾಫಿ ಕೊಡಿಸಿದರು. ಗೆಳೆಯರು ಕಾಫಿ ಕುಡಿಯುವ ಮೊದಲೇ ಹುಡುಗನನ್ನು ಕರೆದು, 'ನಾಳೆ ನಿನ್ನ ಆಡಿಸ್ತಾ ಇಲ್ಲ ಕಣಪ್ಪ. ಬ್ಯಾಟಿಂಗಲ್ಲಿ ನೀನೇ ಮೇಲು. ಆದ್ರೆ ನಮ್ಗೆ ಬೌಂಡ್ರಿ ಕಾಯೋನು ಬೇಕು, ಆ ಕೆಲ್ಸ ಅವ್ನು ನಿನ್ಗಿಂತ ಚೆನ್ನಾಗ್ ಮಾಡ್ತಾನೆ. ಮುಂದಿನ್ ವಾರ ನಿನ್ನ ಓಟ ನೋಡ್ತೀನಿ' ಎಂದರು. ಹುಡುಗನ ಮುಖ ಸಣ್ಣದಾಯಿತು. ಮಾತಾಡಲಿಲ್ಲ. ಅಪ್ಪನೂ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಬಂದ್ ಯೋಳಿದ್ರಲ್ಲ, ಸಾಕು ಬುಡಿ' ಎಂದರು. ಮರುದಿನ ಹುಡುಗ ಮೈದಾನಕ್ಕೆ ಬಂದ. ತನ್ನ ಬ್ಯಾಟನ್ನು ತಂಡಕ್ಕೆ ಕೊಟ್ಟ.

ಆ ಪಂದ್ಯದ ಫಲಿತಾಂಶವನ್ನು ಇಲ್ಲಿ ಹೇಳಿದರೆ ಆಯ್ಕೆಯನ್ನು ಗೆಲುವಿನಿಂದ ಅಳೆದಂತಾಗುತ್ತದೆ. ಹಾಗೆ ಅಳೆಯಬಾರದು ಎನ್ನುವುದನ್ನು ಪ್ರತಿ ವಾರ ಹುಡುಗರ ಫ್ಯಾಂಟಸಿ ಪಟ್ಟಿಯೂ ತೋರಿಸುತ್ತಿದೆ. ನೋಡಿ ತೂಗಿ ಆರಿಸಿದವನಿಗೆ ಒಮ್ಮೊಮ್ಮೆ ಎರಡೇ ಅಂಕ ಬರುತ್ತದೆ, ಬೆಂಚಿನವನು ಹದಿನೈದು ತರುತ್ತಾನೆ. ಆದರೂ ಮುಂದಿನ ವಾರ ಅದೇ ರೀತಿ ನೋಡಿ, ತೂಗಿಯೇ ಆರಿಸಬೇಕು. 38 ವಾರ ಕಳೆದಾಗ ಲೀಗಿನ ಮೇಲಿನ ಸಾಲುಗಳಲ್ಲಿ ಇರುವವರು ಹೀಗೆ ಹಠ ಹಿಡಿದು ನೋಡಿದವರೇ.

ಭತ್ತದ ಕೊಯ್ಲು ಮುಗಿಯಲಿದೆ, ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಕಟ್ಟೆಗಳಲ್ಲಿ ಹೊಗೆಸೊಪ್ಪಿನ ಬೇಲುಗಳು ಇಳಿಯುತ್ತಿವೆ. ಇನ್ನು ಊರೂರಲ್ಲಿ ಟೂರ್ನಮೆಂಟುಗಳ ಬ್ಯಾನರ್ ಏಳುತ್ತವೆ. ಹುಣಸೂರಿನಿಂದ ಸರಗೂರಿನವರೆಗೆ, ಬೈಲಕುಪ್ಪೆಯಿಂದ ಸಾಲಿಗ್ರಾಮದವರೆಗೆ ತಂಡ ನಡೆಸುವ ಹಿರಿಯರಲ್ಲಿ, ಗೆಳೆಯರಲ್ಲಿ ನನ್ನದೊಂದು ಕೋರಿಕೆ. ಹತ್ತು ಹೆಸರು ನಿಮ್ಮಿಷ್ಟ. ಹನ್ನೊಂದನೆಯ ಗೆರೆಯನ್ನು ಮಾತ್ರ ಪ್ರಾಕ್ಟೀಸು ನೋಡುವ ತನಕ ಖಾಲಿ ಬಿಡಿ. ಪಟ್ಟಿಯನ್ನು ಟಾಸಿನ ಹೊತ್ತಿಗೆ ಜೇಬಿನಿಂದ ತೆಗೆಯಬೇಡಿ, ಹಿಂದಿನ ರಾತ್ರಿಯೇ ಹೊರಗಿಡಿ. ಬಿಟ್ಟ ಹುಡುಗನ ಮನೆಗೆ ನೀವೇ ಹೋಗಿ, ಕಾರಣವನ್ನು ಅವನಿಗೇ ಹೇಳಿ. ವಾಟ್ಸಾಪಿನಲ್ಲಿ ಹಾಕಿದರೆ ಅದು ಹೇಳಿದಂತಾಗುವುದಿಲ್ಲ.